ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಾಲುದಾರಿ: ಮರವಾ, ಮರದ ಬಣ್ಣ ಬಳಿದ ಸಿಮೆಂಟಾ?

ಅಳಿವೆಕರೆ:

ನಮ್ಮೂರು ಕುಮಟಾ ಕಡೆ, ಅಘನಾಶಿನಿ ಅಳಿವೆಯ ದಂಡೆ ಮೇಲೆ. 2024ರಲ್ಲಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತಲ್ಲ, ಆಮೇಲೆ ಶನಿವಾರ ಭಾನುವಾರ ಬರುವವರು ಜಾಸ್ತಿ ಆಗಿದ್ದಾರೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅವರಿಗೆ ಓಡಾಡಲು ದಾರಿ ಇಲ್ಲ. ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆ ಹತ್ತುತ್ತಾರೆ, ಕಟ್ಟೆ ಮಣ್ಣು ಜಾರುತ್ತದೆ, ಕಗ್ಗ ಭತ್ತ ಬಿತ್ತಿದವರು ಬೈಯುತ್ತಾರೆ. ಇನ್ನು ಕೆಲವರು ಫೋಟೋಕ್ಕೆ ಅಂತ ನೇರ ಕೆಸರಿಗೇ ಇಳಿದು, ಗಿಡದ ಸುತ್ತ ಪೆನ್ಸಿಲ್ ನೆಟ್ಟ ಹಾಗೆ ಎದ್ದಿರುವ ಉಸಿರುಬೇರುಗಳನ್ನು ತುಳಿದು ಮುರಿಯುತ್ತಾರೆ.

ಅದಕ್ಕೇ ಊರ ಸಮಿತಿಯಲ್ಲಿ ಒಂದು ಮಾತು ಎದ್ದಿದೆ. ಕಾಂಡ್ಲಾ ಒಳಗೆ ಒಂದು ಎತ್ತರದ ಕಾಲುದಾರಿ ಮಾಡೋಣ, ತುದಿಯಲ್ಲಿ ಅಡಗಿ ಕೂತು ಹಕ್ಕಿ ನೋಡಲು ಒಂದು ಚಿಕ್ಕ ಕೋಣೆ ಕಟ್ಟೋಣ ಅಂತ. ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿ ದಂಡೆಗೆ ಮರದ ಕಾಂಡ್ಲಾ ದಾರಿ ಇದೆ, ಎಲ್ಲರೂ ನೋಡಿ ಬಂದಿದ್ದೇವೆ. ಗುತ್ತಿಗೆದಾರರೊಬ್ಬರು ಬಂದು ಹೇಳಿದ್ದು ಬೇರೆ. ಕಾಂಕ್ರೀಟ್ ಕಂಬ ಹಾಕಿ, ಮೇಲೆ ಸಿಮೆಂಟ್ ಹಲಗೆ ಕೂರಿಸಿ, ಮರದ ಗೆರೆ ಎಳೆದು ಕಂದು ಬಣ್ಣ ಬಳಿದರೆ ಥೇಟ್ ಮರವೇ, ಐವತ್ತು ವರ್ಷ ತಿರುಗಿ ನೋಡುವ ಹಾಗಿಲ್ಲವಂತೆ. ಈ ಸಿಮೆಂಟಿನ ಮರದ ಬೊಡ್ಡೆ, ಸಿಮೆಂಟಿನ ಬಿದಿರು ಎಲ್ಲ ಪಾರ್ಕುಗಳಲ್ಲೂ ನೋಡಿ ಸಾಕಾಗಿದೆ ನನಗೆ. ಆದರೆ ಊರ ಹಿರಿಯರ ಪ್ರಶ್ನೆಗೂ ಉತ್ತರ ಬೇಕು: ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ದಿನಕ್ಕೆರಡು ಸಲ ಭರತ (ಸಮುದ್ರದ ಉಬ್ಬರ), ಉಪ್ಪುನೀರು, ಇದರಲ್ಲಿ ಮರ ಎಷ್ಟು ದಿನ ಬಾಳೀತು? ಯಾವ ಮರ ಹಾಕಬೇಕು? ಕಾಡು ತೋರಿಸಲು ಕಾಡು ಕಡಿದ ಹಾಗಾಗುವುದಿಲ್ಲವಾ? ಮರದ ಕೆಲಸ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಉಳಿಬಾಚಿ_ಶಿರಸಿ:

ಯಾವ ಮರ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನೀರು ಎಲ್ಲಿ ನಿಲ್ಲುತ್ತದೆ ಅಂತ ಮೊದಲು ಕೇಳಬೇಕು.

ಮರ ನೀರಲ್ಲಿ ಪೂರ್ತಿ ಮುಳುಗಿದ್ದರೆ ಕೊಳೆಯುವುದು ತೀರಾ ನಿಧಾನ, ಕೊಳೆಸುವ ಬೂಷ್ಟಿಗೆ ಗಾಳಿ ಬೇಕು. ಪೂರ್ತಿ ಒಣಗಿದ್ದರೂ ಕೊಳೆಯುವುದಿಲ್ಲ, ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಬೂಷ್ಟು ಬೆಳೆಯುವುದಿಲ್ಲ. ಸಾಯುವುದು ನಡುವೆ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಜಾಗದಲ್ಲಿ. ಕಂಬ ನೀರಿನಿಂದ ಮೇಲೆ ಬರುವ ಗೆರೆ, ಹಲಗೆ ಜಂತಿಯ ಮೇಲೆ ಕೂರುವ ಸಂದು, ಸ್ಕ್ರೂ ಹೊಡೆದ ತೂತು, ಹಲಗೆಯ ಕೊಯ್ದ ತುದಿ. ನಮ್ಮ ಕಡೆ ಮಳೆಗಾಲ ನಾಲ್ಕೈದು ಕಂಡ ಯಾವುದಾದರೂ ಮರದ ಸೇತುವೆಯ ಒಂದು ಹಲಗೆ ಕಿತ್ತು ನೋಡಿ. ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿದ್ದರೂ ಗಟ್ಟಿ ಇರುತ್ತದೆ, ತಿರುವಿ ಹಾಕಿದರೆ ಜಂತಿ ತಾಗಿದ ಅಗಲಕ್ಕೆ ಸರಿಯಾಗಿ ಕಪ್ಪು ಪಟ್ಟಿ, ಅಲ್ಲಿಗೆ ಸ್ಕ್ರೂಡ್ರೈವರ್ ಒತ್ತಿದರೆ ಸುಮ್ನೆ ಒಳಗೆ ಹೋಗುತ್ತದೆ. ಉಳಿದ ಹಲಗೆಯೆಲ್ಲ ಚೆನ್ನಾಗೇ ಇರುತ್ತದೆ, ಬೇಜಾರು ಅದೇ.

ಉಪ್ಪುನೀರಿನಲ್ಲಿ ಇನ್ನೊಂದು ತಾಪತ್ರಯ. ಟೆರೆಡೋ ಅಂತ ಒಂದು ಪ್ರಾಣಿ, ಹುಳದ ಹಾಗೆ ಕಾಣುತ್ತದೆ, ಅಸಲಿಗೆ ನೀವು ಕೆಸರಲ್ಲಿ ಆರಿಸುವ ಬಳಚಿನ (ಎರಡು ಚಿಪ್ಪಿನ ಪ್ರಾಣಿ) ದೂರದ ನೆಂಟ, ಎರಡು ಚಿಪ್ಪು ತಲೆಯ ತುದಿಯಲ್ಲಿರುತ್ತವೆ. ಆ ಚಿಪ್ಪಿನಿಂದಲೇ ಮರ ಕೊರೆಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ತೂತು, ಒಳಗೆ ಕಂಬ ಪೂರ್ತಿ ಟೊಳ್ಳು. ದೋಣಿಗೆ ಗೇರು ಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುತ್ತಾರಲ್ಲ, ದೋಣಿಯನ್ನಾದರೆ ದಡಕ್ಕೆ ಎಳೆದು ಒಣಗಿಸಿ ಮತ್ತೆ ಬಳಿಯಬಹುದು. ನೆಟ್ಟ ಕಂಬವನ್ನು ಎಲ್ಲಿಗೆ ಎಳೆಯುತ್ತೀರಿ?

ಹಾಗಾಗಿ ನನ್ನ ಮಾತು ಇಷ್ಟು: ದಾರಿ ಹೊರುವ ಕಾಲು ಮರದ್ದು ಬೇಡ. ನಮ್ಮ ಹಳೇ ಮನೆಗಳಲ್ಲಿ ಎಂಥ ಹೊನ್ನೆ ಕಂಬ ಆದರೂ ಕಲ್ಲಿನ ಮೇಲೇ ನಿಲ್ಲಿಸಿದ್ದಾರೆ, ನೆಲಕ್ಕೆ ನೇರ ಹುಗಿದಿಲ್ಲ. ಇಲ್ಲೂ ಅದೇ. ಭರತ ಮುಟ್ಟುವ ಎತ್ತರದವರೆಗೆ ಬೇರೆ ಏನಾದರೂ, ಅಲ್ಲಿಂದ ಮೇಲೆ ಮರ.

ಜಾತಿ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ಮರದ ತುಂಡುಗಳನ್ನು ಮಣ್ಣಲ್ಲಿ ಹುಗಿದು ಎಷ್ಟು ತಿಂಗಳು ಬಾಳುತ್ತವೆ ಅಂತ ನೋಡಿ ಮೂರು ದರ್ಜೆ ಮಾಡಿದ್ದಾರೆ. 120 ತಿಂಗಳು ಮೀರಿದರೆ ಒಂದನೇ ದರ್ಜೆ, 60ರಿಂದ 120 ಎರಡನೇದು, ಅದಕ್ಕಿಂತ ಕಡಿಮೆಯಾದರೆ ಮೂರು. ಸಾಗುವಾನಿ ಒಂದನೇ ದರ್ಜೆ. ಆದರೆ ಈ ದರ್ಜೆ ಒಳಗಿನ ಕೆಚ್ಚಿಗೆ ಮಾತ್ರ. ಹೊರಗಿನ ಬಿಳಿ ಭಾಗ ಯಾವ ಮರದ್ದಾದರೂ ಬಾಳುವುದಿಲ್ಲ, ಎಳೇ ಸಾಗುವಾನಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅದರಲ್ಲಿ ಅರ್ಧ ಬಿಳಿಯೇ ಇರುತ್ತದೆ. ಬಿದಿರು ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ನೆನೆಸಿದ ಬಿದಿರು ಸೂರಿನ ಕೆಳಗೆ ಚೆನ್ನಾಗಿ ಬಾಳುತ್ತದೆ, ಮಳೆಗೆ ಬಿಟ್ಟರೆ ಆ ಉಪ್ಪು ತೊಳೆದು ಹೋಗುತ್ತದೆ. ಹಕ್ಕಿ ಕೋಣೆಯ ಒಳಗೋಡೆಗೆ ಬಿದಿರು ಸರಿ, ನಡೆಯುವ ದಾರಿಗೆ ಬೇಡ.

ದೋಣಿಸಾಕು:

ದಾರಿ ಯಾಕೆ ಬೇಕು ಮಾರಾಯ್ರೆ? ಊರಲ್ಲಿ ದೋಣಿ ಇದೆ, ದೋಣಿ ನಡೆಸುವವರಿದ್ದಾರೆ. ರಂಗನತಿಟ್ಟಿನಲ್ಲಿ ಜನ ದೋಣಿಯಲ್ಲೇ ಕೂತು ಹಕ್ಕಿ ನೋಡಿ ಬರುತ್ತಾರಲ್ಲ. ಒಂದು ಕಂಬವೂ ನೆಡಬೇಕಾಗಿಲ್ಲ, ದುಡ್ಡು ನೇರ ಮೀನುಗಾರರ ಕೈಗೆ ಹೋಗುತ್ತದೆ.

ಅಳಿವೆಕರೆ:

ದೋಣಿ ಈಗಲೂ ಇದೆ, ನಿಲ್ಲಿಸುವುದಿಲ್ಲ. ಆದರೆ ರಂಗನತಿಟ್ಟು ಹೊಳೆ, ಇದು ಅಳಿವೆ. ಇಳಿತದ ಹೊತ್ತಿಗೆ ಕಾಂಡ್ಲಾ ಒಳಗೆ ದೋಣಿ ಹೋಗುವುದೇ ಇಲ್ಲ, ಕೆಸರಲ್ಲಿ ಕೂರುತ್ತದೆ. ಹಕ್ಕಿ ಮೇಯಲು ಇಳಿಯುವುದೂ ಅದೇ ಹೊತ್ತಿಗೆ. ಜತೆಗೆ ಶಾಲೆ ಮಕ್ಕಳನ್ನು ಐವತ್ತು ಜನರನ್ನು ಒಂದೇ ಸಲ ದೋಣಿಗೆ ಹತ್ತಿಸುವ ಧೈರ್ಯ ನನಗಂತೂ ಇಲ್ಲ.

@ಉಳಿಬಾಚಿ ಅಣ್ಣ, ಕಾಲು ಮರದ್ದು ಬೇಡ ಅಂದರೆ ಕೊನೆಗೆ ಕಾಂಕ್ರೀಟಿಗೇ ಬಂದ ಹಾಗಾಯಿತಲ್ಲ?

ನಿವೃತ್ತ_ಎಂಜಿನಿಯರ್:

ಕಾಂಕ್ರೀಟ್ ಅಂದರೆ ಪಾಪ, ಮರ ಅಂದರೆ ಪುಣ್ಯ ಅಂತ ಲೆಕ್ಕ ಹಾಕಬೇಡಿ. ಹಾಗೆಯೇ ಆ ಐವತ್ತು ವರ್ಷದ ಮಾತನ್ನೂ ನಂಬಬೇಡಿ. ಉಪ್ಪು ಕಾಂಕ್ರೀಟಿನ ಒಳಗೆ ಇಳಿದು ಕಬ್ಬಿಣ ಮುಟ್ಟುತ್ತದೆ, ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಹೊರಗಿನ ಸಿಮೆಂಟನ್ನು ಒಡೆಯುತ್ತದೆ. ಭರತ ಏರಿ ಇಳಿಯುವ ಎತ್ತರದಲ್ಲೇ ಇದು ಅತಿ ಬೇಗ ಆಗುತ್ತದೆ, ಅಲ್ಲಿ ನೀರೂ ಇದೆ ಗಾಳಿಯೂ ಇದೆ. ಸಮುದ್ರದ ಕಡೆಯ ಹಳೇ ಕಟ್ಟೆಗಳ ಕಂಬ ನೋಡಿ, ಕಬ್ಬಿಣ ಹೊರಗೆ ಇಣುಕುತ್ತಿರುತ್ತದೆ. ಮರದ ಹಲಗೆ ಕೆಟ್ಟರೆ ಇಬ್ಬರು ಹೋಗಿ ಬದಲಿಸಬಹುದು. ಇಲ್ಲಿ ಒಡೆದ ಕಾಂಕ್ರೀಟನ್ನು ಕೆಸರಿನಿಂದ ತೆಗೆಯಲು ಯಂತ್ರ ಇಳಿಸಬೇಕು, ಯಂತ್ರ ಇಳಿಸಲು ಕಾಂಡ್ಲಾ ಕಡಿಯಬೇಕು. ಅದಕ್ಕಾಗಿ ಯಾರೂ ತೆಗೆಯುವುದಿಲ್ಲ, ಅಲ್ಲೇ ಬಿಡುತ್ತಾರೆ.

ಕಾಲಿಗೆ ದಾರಿಗಳಿವೆ. ಕೆಸರು ತೀರಾ ಆಳ ಇಲ್ಲದ ಕಡೆ ಬೇಲಿಗೆ ಹಾಕುವಂಥ ಸೀಳುಗಲ್ಲಿನ ಕಂಬ ಆಗುತ್ತದೆ, ಕಲ್ಲಿಗೆ ಉಪ್ಪೂ ಇಲ್ಲ ಟೆರೆಡೋನೂ ಇಲ್ಲ. ಕೆಸರು ಆಳ ಇದ್ದರೆ ಸತು ಲೇಪಿಸಿದ ಸ್ಕ್ರೂ ಕಂಬ, ಅಂದರೆ ತುದಿಯಲ್ಲಿ ಸುರುಳಿ ಅಲಗು ಇರುವ ಕಬ್ಬಿಣದ ಕೊಳವೆ. ತಿರುಗಿಸಿ ಇಳಿಸುತ್ತಾರೆ, ಬೇಡ ಅಂದಾಗ ತಿರುಗಿಸಿ ಮೇಲೆತ್ತುತ್ತಾರೆ. ಗುಂಡಿ ತೋಡುವ ಕೆಲಸವೇ ಇಲ್ಲ. ಅದಕ್ಕೂ ಆಯುಷ್ಯ ಇದೆ, ಉಪ್ಪುನೀರು ಕಬ್ಬಿಣವನ್ನು ಬಿಡುವುದಿಲ್ಲ. ಆದರೆ ಒಂದು ಕಂಬ ಕೆಟ್ಟರೆ ಆ ಒಂದನ್ನೇ ತೆಗೆಯಬಹುದು.

ಈಗ ಯಾರೂ ಕೇಳದ ವಿಷಯ. ಕೆಲಸ ಶುರು ಮಾಡುವ ಮೊದಲು ಕಾನೂನು ನೋಡಿದ್ದೀರಾ? 2017ರ ಜೌಗು ಪ್ರದೇಶ ನಿಯಮಗಳು ಅಂತ ಎಲ್ಲರೂ ಹೇಳುತ್ತಾರೆ, ಅದರಲ್ಲಿ ಹತ್ತು ವರ್ಷದ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಬೇರೆ ಶಾಶ್ವತ ಕಟ್ಟಡ ಕಟ್ಟುವ ಹಾಗಿಲ್ಲ. ಒಳನಾಡಿನ ಕೆರೆಯವರು ಇದನ್ನು ನೆನಪಿಡಬೇಕು. ನಿಮ್ಮದು ಕರಾವಳಿ, ನಿಮಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ. 2019ರ ಅಧಿಸೂಚನೆಯಲ್ಲಿ ಕಾಂಡ್ಲಾ ಇರುವ ಜಾಗ ಒಂದು-ಎ ವರ್ಗ, ಎಲ್ಲಕ್ಕಿಂತ ಬಿಗಿ. ಕಾಂಡ್ಲಾ ನಡಿಗೆದಾರಿಗೆ ಅವಕಾಶ ಇದೆ, ಆದರೆ ಗುರುತಿಸಿದ ಜಾಗದಲ್ಲಿ ಮಾತ್ರ, ಮತ್ತು ಆ ಪ್ರವಾಸೋದ್ಯಮದ ಯೋಜನೆ ಮಂಜೂರಾದ ಕರಾವಳಿ ನಿರ್ವಹಣಾ ಯೋಜನೆಯೊಳಗೆ ಸೇರಿರಬೇಕು. ಸಮಿತಿ ಠರಾವು ಮಾಡಿದರೆ ಸಾಲದು. ಕಳಚಿ ತೆಗೆಯಬಹುದಾದ ರಚನೆ ಅಂತ ನಕ್ಷೆಯಲ್ಲೇ ತೋರಿಸಿದರೆ ಮಾತಾಡಲು ಸ್ವಲ್ಪ ಜಾಗ ಸಿಗುತ್ತದೆ, ಅಷ್ಟೇ.

ನೀರಕ್ಕಿ:

ನಾನು ಹಗರಿಬೊಮ್ಮನಹಳ್ಳಿ ಕಡೆಯವಳು. ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗೂ ನಿಮ್ಮ ಅಳಿವೆ ಜತೆಗೇ ರಾಮ್ಸಾರ್ ಪಟ್ಟ ಬಂತು, ಹಾಗಾಗಿ ಇದೇ ಚರ್ಚೆ ಇಲ್ಲೂ ನಡೆಯುತ್ತಿದೆ. ಮರ, ಕಲ್ಲು ಎಲ್ಲ ಸರಿ, ಹಕ್ಕಿಯ ಕಡೆಯಿಂದ ಎರಡು ಮಾತು.

ದಾರಿಯ ಮೇಲೆ ನಡೆಯುವ ಮನುಷ್ಯ ಬಯಲಿನಲ್ಲಿ ನಡೆಯುವವನಿಗಿಂತ ಎತ್ತರಕ್ಕೆ ಕಾಣುತ್ತಾನೆ, ಹಿಂದೆ ಬರೀ ಆಕಾಶ. ಹಕ್ಕಿ ಹಾರುವುದು ಆ ಆಕೃತಿ ನೋಡಿ. ಹಾಗಾಗಿ ಕೊನೆಯ ಒಂದಿಷ್ಟು ದೂರ ಎರಡೂ ಬದಿಗೆ ಆಳೆತ್ತರದ ಮರೆ ಬೇಕೇ ಬೇಕು. ಇದಕ್ಕೆ ದುಬಾರಿ ಮರ ಬೇಡ, ತೆಂಗಿನ ಗರಿ ಹೆಣೆದ ತಟ್ಟಿ ಸಾಕು, ಪ್ರತಿ ವರ್ಷ ಬದಲಿಸಿ, ಊರವರಿಗೇ ಕೆಲಸ. ಕೋಣೆ ಒಳಗೆ ಕತ್ತಲಿರಬೇಕು. ಅಂದ ಅಂತ ಎರಡೂ ಕಡೆ ದೊಡ್ಡ ಕಿಟಕಿ ಇಟ್ಟರೆ ಒಳಗಿದ್ದವರೆಲ್ಲ ಬೆಳಕಿಗೆ ಎದ್ದು ಕಾಣುತ್ತಾರೆ, ಅಡಗಿದ್ದು ದಂಡ. ಒಂದು ಗೇಣು ಎತ್ತರದ ಉದ್ದ ಸೀಳುಕಿಂಡಿ, ಒಂದು ಕೂತವರ ಕಣ್ಣಿನ ಮಟ್ಟಕ್ಕೆ, ಇನ್ನೊಂದು ಮಕ್ಕಳಿಗೂ ಗಾಲಿಕುರ್ಚಿಯವರಿಗೂ ಆಗುವ ಹಾಗೆ ಕೆಳಗೆ. ಕಿಂಡಿ ಪಶ್ಚಿಮಕ್ಕೆ ಬೇಡ. ಸಂಜೆ ಬಿಸಿಲು ನೀರಿಗೆ ಬಿದ್ದು ಕಣ್ಣು ಕುಕ್ಕುತ್ತದೆ, ಹಕ್ಕಿ ಬರೀ ಕಪ್ಪು ನೆರಳಾಗಿ ಕಾಣುತ್ತದೆ.

ಸದ್ದು ಇನ್ನೊಂದು. ಸಡಿಲ ಹಲಗೆ ಮೇಲೆ ಯಾರಾದರೂ ಓಡಿದರೆ ಧಡಧಡ ಅಂತ ಇಡೀ ಅಳಿವೆಗೆ ಕೇಳುತ್ತದೆ.

ಮರದ ಬಗ್ಗೆ ನಮ್ಮ ಕಡೆಯ ಒಂದು ಯೋಚನೆ: ಬಳ್ಳಾರಿ ಜಾಲಿ. ಕೆರೆಯಂಗಳಕ್ಕೆಲ್ಲ ನುಗ್ಗಿರುವ ಕಳೆ ಅದು, ಹೇಗೂ ಕಡಿಯಬೇಕು. ಗಟ್ಟಿ ಮರ, ಒಣಗಿದ ಮೇಲೆ ಹಿಗ್ಗುವುದು ಕುಗ್ಗುವುದು ಕಡಿಮೆ. ನೇರ ಉದ್ದ ಹಲಗೆ ಮಾತ್ರ ಸಿಗುವುದಿಲ್ಲ, ಎಲ್ಲ ಸೊಟ್ಟ. ಆದರೆ ದಾರಿಗೆ ಮೂರು ನಾಲ್ಕು ಅಡಿಯ ಅಡ್ಡಹಲಗೆ ತಾನೇ ಬೇಕು? ಅಂಕಸಮುದ್ರದ ಕೆರೆಯೊಳಗಿನ ಕರಿಜಾಲಿ ಮಾತ್ರ ಯಾರೂ ಮುಟ್ಟಬಾರದು, ಅದರ ಮೇಲೇ ಹಕ್ಕಿ ಗೂಡು ಕಟ್ಟುವುದು. ಎರಡಕ್ಕೂ ಜಾಲಿ ಅಂತಲೇ ಅನ್ನುತ್ತಾರೆ, ಕಡಿಯುವವರಿಗೆ ಮೊದಲೇ ಗುರುತು ಮಾಡಿ ಕೊಡಬೇಕು.

ಡೆಲ್ಫ್ಟ್‌ನಿಂದ:

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ, ಮರದ ಕಟ್ಟಡಗಳೇ ನನ್ನ ಕೆಲಸ. ಇಲ್ಲಿಂದ ಒಂದು ಉದಾಹರಣೆ. ಸ್ಟೆಲೆಂಡಾಮ್ ಊರಿನ ಹತ್ತಿರ ಹಾರಿಂಗ್‌ಫ್ಲೀಟ್ ಅಂತ ದೊಡ್ಡ ಅಳಿವೆ. ಅಲ್ಲಿ 2019ರಲ್ಲಿ ಟೈ ಅನ್ನುವ ಹಕ್ಕಿ ವೀಕ್ಷಣಾಲಯ ಕಟ್ಟಿದರು, ವಿನ್ಯಾಸ ಆರ್‌ಒ ಆ್ಯಂಡ್ ಎಡಿ ಆರ್ಕಿಟೆಕ್ಟ್ಸ್ ಅವರದು. ರೀವ (ಟರ್ನ್) ಹಕ್ಕಿಯ ಮೊಟ್ಟೆಯ ಆಕಾರ. ಆಕಾರಕ್ಕಿಂತ ನನಗೆ ಇಷ್ಟವಾಗಿದ್ದು ಕಟ್ಟಿದ ರೀತಿ. ಚಿಕ್ಕ ಚಿಕ್ಕ ಮರದ ತುಂಡುಗಳು, ಒಟ್ಟು 402, ಕಂಪ್ಯೂಟರ್ ನೋಡಿಕೊಂಡು ಯಂತ್ರದಲ್ಲಿ ಕತ್ತರಿಸಿದ್ದು. ಒಂದಕ್ಕೊಂದು ಓರೆಯಾಗಿ ಜೋಡಿಸಿ ಬಲೆಯಂಥ ಚಿಪ್ಪು ಮಾಡಿದ್ದಾರೆ. ದೊಡ್ಡ ತೊಲೆಯೇ ಬೇಡ, ಇಡೀದನ್ನು ಬಿಚ್ಚಿ ಬೇರೆ ಕಡೆ ಕಟ್ಟಬಹುದು. ಹೊರಗೆ ಮೇಲ್ಭಾಗಕ್ಕೆ ಜೊಂಡಿನ ಹುಲ್ಲು ಹೊದಿಸಿದ್ದಾರೆ. ನೀರು ಏರಿದರೆ ಮುಳುಗಬಹುದಾದ ಕೆಳಭಾಗಕ್ಕೆ ಮಾತ್ರ ಅಸಿಟೈಲ್ ಮಾಡಿದ ಪೈನ್ ಹಾಕಿದ್ದಾರೆ. ಅಂದರೆ ಮರವನ್ನು ಅಸಿಟಿಕ್ ಅನ್‌ಹೈಡ್ರೈಡ್‌ನಲ್ಲಿ ಬೇಯಿಸಿ ನೀರು ಹಿಡಿಯುವ ಗುಣವನ್ನೇ ಕಡಿಮೆ ಮಾಡುವುದು. ವಿಷ ತುಂಬುವುದಿಲ್ಲ. ನೀರಕ್ಕಿ ಅವರು ಹೇಳಿದ ಮರೆ ಇಲ್ಲೂ ಇದೆ, ಕೊನೆಯ ದಾರಿ ಸುರಂಗದ ಒಳಗೆ.

ಇನ್ನೊಂದು ಇಂಗ್ಲೆಂಡಿನ ಪ್ರೆಸ್ಟನ್ ಹತ್ತಿರದ ಬ್ರಾಕ್‌ಹೋಲ್ಸ್. ಜಲ್ಲಿ ತೆಗೆದು ಬಿಟ್ಟ ಗುಂಡಿಗಳೇ ಈಗ ಅಲ್ಲಿ ಹಕ್ಕಿಧಾಮ. 2011ರಲ್ಲಿ ತೆರೆದ ಅಲ್ಲಿಯ ಪ್ರವಾಸಿ ಕೇಂದ್ರ ಆಡಂ ಖಾನ್ ಆರ್ಕಿಟೆಕ್ಟ್ಸ್ ಮಾಡಿದ್ದು, ಇಡೀ ಕಟ್ಟಡ ನೀರಿನ ಮೇಲೆ ತೇಲುತ್ತದೆ, ಪ್ರವಾಹ ಬಂದರೆ ಜತೆಗೇ ಏಳುತ್ತದೆ. ಮೇಲೆ ಮರ, ಚಾವಣಿಗೆ ಓಕ್ ಮರದ ಸೀಳುಹಂಚು. ಆದರೆ ತೇಲಿಸುವ ತೆಪ್ಪ ಯಾವುದರದ್ದು ಗೊತ್ತಾ, ಕಾಂಕ್ರೀಟಿನದ್ದು! ಎಂಜಿನಿಯರ್ ಸರ್ ಮಾತಿಗೆ ನನ್ನ ಓಟು. ಹಾಂಗ್‌ಕಾಂಗಿನ ಮಾಯ್ ಪೋದಲ್ಲಿ ಕಾಂಡ್ಲಾ ನಡುವೆಯೇ ತೇಲುವ ಕಾಲುದಾರಿ ಇದೆ, ಭರತಕ್ಕೆ ಏಳುತ್ತದೆ, ಇಳಿತಕ್ಕೆ ಇಳಿಯುತ್ತದೆ. ನಿಮ್ಮ ಜಾಗಕ್ಕೆ ಇದೂ ಒಂದು ಯೋಚನೆ.

ಅಳಿವೆಕರೆ:

ಟೈ ಫೋಟೋ ಸಮಿತಿಯ ವಾಟ್ಸಾಪ್‌ಗೆ ಹಾಕಿದೆ, "ಮೊಟ್ಟೆ ಬೇಡ, ದಾರಿ ಮಾಡು" ಅಂತ ಉತ್ತರ ಬಂತು.

ತಮಾಷೆ ಇರಲಿ. ಅಸಿಟೈಲ್ ಮರ ಆಮದು ಮಾಡಿಸುವಷ್ಟು ದುಡ್ಡು ನಮ್ಮಲ್ಲಿಲ್ಲ, ಹಡಗಿನಲ್ಲಿ ಅಷ್ಟು ದೂರದಿಂದ ತರಿಸಿ ಪರಿಸರ ಸ್ನೇಹಿ ಅಂತ ಬೋರ್ಡ್ ಹಾಕಲು ಮನಸ್ಸೂ ಬರುವುದಿಲ್ಲ. ತೇಲುವ ದಾರಿ ಕೂಡ ಕಷ್ಟ, ನೀರು ಇಳಿದಾಗ ಅದು ಕೂರುವುದು ಎಳೇ ಗಿಡ, ಉಸಿರುಬೇರುಗಳ ಮೇಲೆ. ಕಾಲುವೆ ಜಾಗ ಇದ್ದರೆ ಬೇರೆ ಮಾತು. ಗುತ್ತಿಗೆದಾರರ ಇನ್ನೊಂದು ಸಲಹೆ: ಅಗ್ಗದ ಮರ ತಂದು ಒತ್ತಡದಲ್ಲಿ ಔಷಧ ಹಾಕಿಸಿದರೆ ಸಾಗುವಾನಿಯಷ್ಟೇ ಬಾಳುತ್ತದೆ ಅಂತ. ಇದು ಸರಿಯಾ?

ಉಳಿಬಾಚಿ_ಶಿರಸಿ:

ಬಾಳುತ್ತದೆ, ಸುಳ್ಳಲ್ಲ. ಆದರೆ ಯಾವ ಔಷಧ ಅಂತ ಕೇಳಿ. ಸಾಮಾನ್ಯವಾಗಿ ಸಿಸಿಎ ಹಾಕುತ್ತಾರೆ, ತಾಮ್ರ, ಕ್ರೋಮಿಯಂ, ಆರ್ಸೆನಿಕ್. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು 2003ರ ಕೊನೆಗೇ ನಿಲ್ಲಿಸಿದರು. ಹೆಚ್ಚಿನ ಪಾಲು ಮರದಲ್ಲೇ ಕೂರುತ್ತದೆ ನಿಜ, ಸ್ವಲ್ಪ ನೀರಿಗೆ ಬಿಡುತ್ತದೆ. ನಿಮ್ಮ ಅಳಿವೆಯಲ್ಲಿ ಜನ ಬಳಚು ಆರಿಸಿ ಮಾರಿ ಬದುಕುತ್ತಾರೆ. ಬಳಚು ದಿನವಿಡೀ ಅದೇ ನೀರು ಸೋಸುವ ಪ್ರಾಣಿ. ಅದರ ನೆತ್ತಿ ಮೇಲೆ ಆರ್ಸೆನಿಕ್ ಹಾಕಿದ ಮರ ನಾನಂತೂ ಇಡುವುದಿಲ್ಲ. ತಾಮ್ರ ಮಾತ್ರ ಇರುವ ಔಷಧಗಳೂ ಇವೆ, ತಾಮ್ರವೂ ಚಿಪ್ಪಿನ ಪ್ರಾಣಿಗಳಿಗೆ ಒಳ್ಳೆಯದಲ್ಲ. ಬೆಂಗಳೂರು ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಗುತ್ತಿಗೆದಾರರನ್ನು ಕೇಳುವ ಬದಲು ಅವರಿಗೆ ಒಂದು ಪತ್ರ ಬರೆಯಿರಿ, ನಿಮ್ಮ ನೀರಿನ ಉಪ್ಪು, ಭರತದ ಎತ್ತರ ಎಲ್ಲ ಸೇರಿಸಿ.

ಔಷಧ ಇಲ್ಲದೆ ಮಾಡುವುದಾದರೆ ನಾನು ಹೀಗೆ ಮಾಡುತ್ತೇನೆ. ಜಂತಿಗೆ ಮಾತ್ರ ಸರ್ಕಾರಿ ಡಿಪೋದ ಹರಾಜಿನ ಸಾಗುವಾನಿ, ಕೆಚ್ಚು ನೋಡಿ. ಇದು ಬದಲಿಸಲು ಕಷ್ಟವಾದ ಭಾಗ, ಇಲ್ಲಿ ದುಡ್ಡು ಹಾಕಿ. ನಡೆಯುವ ಹಲಗೆಗೆ ಅಕೇಶಿಯಾ. ನಮ್ಮ ಗುಡ್ಡಗಳಲ್ಲೆಲ್ಲ ತುಂಬಿದೆ, ಹೊರಗಿನಿಂದ ಬಂದ ಮರ, ಕಡಿದರೆ ಕಾಡಿಗೆ ನಷ್ಟ ಇಲ್ಲ. ಸಾಗುವಾನಿಯಷ್ಟು ಬಾಳುವುದಿಲ್ಲ, ಬಾಳಬೇಕಾಗಿಯೂ ಇಲ್ಲ, ಪ್ರತಿ ಹಲಗೆ ಬಿಡಿಯಾಗಿ ಎತ್ತಿ ಬದಲಿಸುವ ಹಾಗೆ ಹಾಕಿದರೆ ಆಯಿತು. ಮೊಳೆ ಬೇಡವೇ ಬೇಡ, 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ. ಜಂತಿಯ ನೆತ್ತಿಗೆ ಅದಕ್ಕಿಂತ ಸ್ವಲ್ಪ ಅಗಲದ ರಬ್ಬರ್ ಪಟ್ಟಿ ಹೊದಿಸಿ, ನೀರು ಸಂದಿಗೆ ಇಳಿಯದೆ ಆಚೆ ತೊಟ್ಟಿಕ್ಕುತ್ತದೆ, ನೀರಕ್ಕಿಯವರ ಧಡಧಡವೂ ತಗ್ಗುತ್ತದೆ. ಹಲಗೆ ನಡುವೆ 8-10 ಮಿಲಿಮೀಟರ್ ಸಂದು ಬಿಡಿ, ಕಸ ಬಿದ್ದು ಹೋಗಲಿ, ಕೆಳಗಿನ ಗಿಡಕ್ಕೆ ಬೆಳಕೂ ಬೀಳಲಿ. ದಾರಿ ಅಗಲ ಮಾಡಬೇಡಿ. ನಾಲ್ಕು ಅಡಿ ಸಾಕು, ಅಲ್ಲಲ್ಲಿ ನಿಲ್ಲಲು, ಎದುರು ಬಂದವರಿಗೆ ದಾರಿ ಬಿಡಲು ಅಗಲದ ಜಾಗ.

ವಾರ್ನಿಷ್ ಬಳಿಯಬೇಡಿ. ಮೊದಲ ವರ್ಷ ಹೊಳೆಯುತ್ತದೆ, ಆಮೇಲೆ ಬಿರುಕು ಬಿಟ್ಟು ಅದರೊಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮರ ಬೂದಿ ಬಣ್ಣಕ್ಕೆ ತಿರುಗಲಿ ಬಿಡಿ.

ನಿವೃತ್ತ_ಎಂಜಿನಿಯರ್:

ಎತ್ತರದ ಬಗ್ಗೆ ಒಂದು ಸೇರಿಸುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ಭರತ ಎಲ್ಲಿಯವರೆಗೆ ಬರುತ್ತದೆ ಅಂತ ಈ ಮಳೆಗಾಲದಲ್ಲೇ ಕಂಬಕ್ಕೆ ಗುರುತು ಹಾಕಿ. ಹೊಳೆ ನೆರೆಯೂ ಭರತವೂ ಒಟ್ಟಿಗೆ ಬಂದ ದಿನದ ಗುರುತು ಮುಖ್ಯ. ಜಂತಿಯ ತಳ ಅದಕ್ಕಿಂತ ಮೇಲಿರಲಿ. ಇನ್ನು ಅಂದಾಜುಪಟ್ಟಿಯಲ್ಲಿ ನಿರ್ವಹಣೆಗೆ ಅಂತ ಬೇರೆ ಸಾಲು ಹಾಕಿಸಿ. ಉದ್ಘಾಟನೆಗೆ ದುಡ್ಡು ಎಲ್ಲರೂ ಕೊಡುತ್ತಾರೆ, ಮೂರನೇ ವರ್ಷದ ಹಲಗೆಗೆ ಯಾರೂ ಕೊಡುವುದಿಲ್ಲ. ನಾನು ನೋಡಿದ ಒಂದು ಕೆರೆಯ ಮರದ ದಾರಿ ಹಾಳಾಗಿದ್ದು ಮಳೆಯಿಂದಲ್ಲ, ಮುರಿದ ನಾಲ್ಕು ಹಲಗೆ ಬದಲಿಸಲು ಟೆಂಡರ್ ಕರೆಯಬೇಕು ಅಂತ ಕಾದು ಕೂತಿದ್ದರಿಂದ. ಕೊನೆಗೆ ಗೇಟಿಗೆ ಬೀಗ. ಟಿಕೆಟ್ ದುಡ್ಡಿನ ಒಂದು ಪಾಲು ಊರ ಸಮಿತಿಯ ಖಾತೆಯಲ್ಲೇ ಉಳಿಯುವ ಹಾಗೆ ಮೊದಲೇ ಬರೆಸಿಕೊಳ್ಳಿ.

ಅಳಿವೆಕರೆ:

ಎಲ್ಲರಿಗೂ ಥ್ಯಾಂಕ್ಸ್. ಸಮಿತಿಯಲ್ಲಿ ಓದಿ ಹೇಳಿದೆ. ಕಾಂಡ್ಲಾ ಪೂರ್ತಿ ಸುತ್ತುವ ದಾರಿ ಕೈಬಿಟ್ಟೆವು, ಅಂಚಿನಿಂದ ಒಳಗೆ ಒಂದೇ ಕವಲು, ತುದಿಗೆ ಕೋಣೆ, ಹೋದ ದಾರಿಯಲ್ಲೇ ವಾಪಸ್. ಬಳಚು ಆರಿಸುವ ಹೆಂಗಸರು ಒಂದು ಷರತ್ತು ಹಾಕಿದ್ದಾರೆ: ಅವರು ಕೆಸರಿಗೆ ಇಳಿಯುವ ಜಾಗದಲ್ಲಿ ದಾರಿಗೆ ಒಂದು ಮೆಟ್ಟಿಲು ಬೇಕು, ಬುಟ್ಟಿ ಇಡಲು ಕಟ್ಟೆ ಬೇಕು, ಅವರಿಗೆ ಟಿಕೆಟ್ ಕೇಳಬಾರದು. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನಕ್ಷೆಯಲ್ಲಿ ಸೇರಿಸಿದ್ದೇವೆ.

ಒಂದು ಉಳಿಯಿತು, ಹಾವಸೆ, ಅಂದರೆ ಪಾಚಿ. ಜೂನ್ ಬಂದರೆ ನಮ್ಮ ಅಂಗಳದ ಕಲ್ಲೇ ಜಾರುತ್ತದೆ, ಮರದ ಹಲಗೆ ಬಿಟ್ಟೀತೇ?

ಉಳಿಬಾಚಿ_ಶಿರಸಿ:

ಬಿಡುವುದಿಲ್ಲ. ಜಾರದಿರಲಿ ಅಂತ ಹಲಗೆಗೆ ಗೀರು ಹಾಕಿಸುತ್ತಾರೆ, ಆ ಗೀರಿನಲ್ಲೇ ಮಣ್ಣು ಕೂತು ಹಾವಸೆ ಇನ್ನೂ ಜಾಸ್ತಿ ಆಗುತ್ತದೆ. ನುಣುಪಾಗಿ ಕೀಸಬೇಡಿ, ಗರಗಸದಿಂದ ಬಂದ ಹಾಗೇ ಒರಟಾಗಿರಲಿ. ಗಟ್ಟಿ ಬ್ರಷ್‌ನಲ್ಲಿ ಬರೀ ನೀರು ಹಾಕಿ ತಿಕ್ಕಿಸಿ, ಬ್ಲೀಚಿಂಗ್ ಪೌಡರ್ ಬೇಡ, ಅದೆಲ್ಲ ಕೆಳಗಿನ ನೀರಿಗೇ ಹೋಗುತ್ತದೆ. ಇಳಿಜಾರು ಇರುವ ಕಡೆ ಅಡ್ಡಕ್ಕೆ ತೆಳು ರೀಪು ಹೊಡೆಯಿರಿ, ನಮ್ಮ ಹಳ್ಳದ ಕಾಲುಸಂಕಗಳಿಗೆ ಹೊಡೆಯುತ್ತಾರಲ್ಲ, ಹಾಗೆ. ಜೋರು ಮಳೆಯ ದಿನ ದಾರಿ ಮುಚ್ಚಿ. ಆಗ ಬರುವವರೂ ಕಡಿಮೆ, ವಲಸೆ ಹಕ್ಕಿಯೂ ಇರುವುದಿಲ್ಲ.

ಅಕೇಶಿಯಾ ತೆಗೆದುಕೊಳ್ಳುವುದಾದರೆ ಈಗಲೇ ಕೊಯ್ಸಿ ಇಡಿ. ಹಸಿ ಹಲಗೆ ಹಾಕಿದರೆ ಬೇಸಿಗೆಗೆ ಬಿಲ್ಲಿನ ಹಾಗೆ ಬಾಗುತ್ತದೆ, ಸ್ಕ್ರೂ ಸಮೇತ ಕಿತ್ತು ಬರುತ್ತದೆ. ನೆರಳಲ್ಲಿ, ಗಾಳಿ ಆಡುವ ಕಡೆ, ಒಂದರ ಮೇಲೊಂದು ರೀಪು ಕೊಟ್ಟು ಜೋಡಿಸಿ, ಕೊಯ್ದ ತುದಿಗಳಿಗೆ ಮೇಣವನ್ನೋ ಹಳೇ ಪೇಂಟನ್ನೋ ಬಳಿಯಿರಿ. ಅನುಮತಿಯ ಕಾಗದ ಬರುವುದರೊಳಗೆ ಹೇಗೂ ಒಣಗಿರುತ್ತದೆ.